ಮೊದಲಿನ ಹಾಗಿಲ್ಲ

ನಮ್ಮ ಅಪ್ಪನ ಲೆಕ್ಕದಲ್ಲಿ ಯಕ್ಷಗಾನ ಮೇಳಗಳು ಪ್ರತಿ ವರ್ಷವೂ ಹಾಳಾಗುತ್ತಲೇ ಇದ್ದವು. ದೀಪಾವಳಿ ಕಳೆದು ತಿರುಗಾಟ ಶುರುವಾಗುವ ಹೊತ್ತಿಗೆ ಯಾರು ಯಾವ ಮೇಳ ಬಿಟ್ಟರು, ಯಾರು ಎಲ್ಲಿಗೆ ಸೇರಿದರು ಎಂಬ ಸುದ್ದಿ ಊರಿನ ಹೋಟೆಲಿನಲ್ಲಿ ಬನ್ಸಿನ ಜೊತೆ ಬಿಸಿಬಿಸಿಯಾಗಿ ಸಿಗುತ್ತಿತ್ತು. ಅಪ್ಪ ಅದನ್ನೆಲ್ಲ ಕೇಳಿಕೊಂಡು, ರಾತ್ರಿಯಿಡೀ ಆಟ ನೋಡಿ, ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ಅಂಗಳಕ್ಕೆ ಕಾಲಿಡುತ್ತಲೇ ತೀರ್ಪು ಕೊಡುತ್ತಿದ್ದರು: “ಮೊದಲಿನ ಹಾಗಿಲ್ಲ ಮಾರಾಯ.” ಹತ್ತು ವರ್ಷ ಕಳೆಯಲಿ, ಹಾಗೆ ಮೂಗು ಮುರಿದ ಅದೇ ವರ್ಷವನ್ನು ನೆನೆದು “ಅಂಥ ಹಿಮ್ಮೇಳ ಇನ್ನು ಹುಟ್ಟಲಿಕ್ಕಿಲ್ಲ” ಎಂದು ಉಸಿರು ಬಿಡುತ್ತಿದ್ದರು. ಅವರ ಸುವರ್ಣಯುಗ ಅವರ ಹಿಂದೆಯೇ, ಹತ್ತು ವರ್ಷದ ಅಂತರ ಕಾಯ್ದುಕೊಂಡು, ಸದ್ದಿಲ್ಲದೆ ನಡೆದು ಬರುತ್ತಿತ್ತು.

ಇದನ್ನು ನೋಡಿ ನಗುತ್ತಿದ್ದ ನಾನು ಬೆಂಗಳೂರಿಗೆ ಓದಲು ಹೋಗಿ ಬಿದ್ದದ್ದು ಇಂಗ್ಲೆಂಡಿನ ಒಂದು ಮೇಳದ ಬಲೆಗೆ. ಡೀಪ್ ಪರ್ಪಲ್ ಅದರ ಹೆಸರು. ಹಾಸ್ಟೆಲಿನ ಕೋಣೆಯಲ್ಲಿ ನಾವು ಮೂವರು. ಒಬ್ಬನ ಬಳಿ ಟೇಪ್‌ರೆಕಾರ್ಡರ್ ಇತ್ತು, ಇನ್ನೊಬ್ಬನ ಬಳಿ ಕ್ಯಾಸೆಟ್ ಇತ್ತು, ನನ್ನ ಬಳಿ ಸಿಕ್ಕಿಕೊಂಡ ರೀಲನ್ನು ಸುತ್ತಲು ಪೆನ್ಸಿಲ್ ಇತ್ತು. ಹೀಗೆ ಮೂವರೂ ಸಮಾನ ಬಂಡವಾಳದ ಪಾಲುದಾರರು.

ಹಾಡು ಕೇಳಿದರೆ ಸಾಲದು, ವಂಶಾವಳಿಯೂ ಬಾಯಿಗೆ ಬರಬೇಕು ಎಂದು ಕ್ಯಾಸೆಟ್ಟಿನವನು ಮೊದಲ ದಿನವೇ ತಾಕೀತು ಮಾಡಿದ್ದ. ಈ ಬ್ಯಾಂಡಿನಲ್ಲಿ ಜನ ಎಷ್ಟು ಬದಲಾಗಿದ್ದರೆಂದರೆ ಅಭಿಮಾನಿಗಳು ಒಂದೊಂದು ತಂಡಕ್ಕೂ ಮಾರ್ಕ್ ಒಂದು, ಮಾರ್ಕ್ ಎರಡು ಎಂದು ನಂಬರು ಹಾಕಿ ಇಟ್ಟುಕೊಂಡಿದ್ದರು. ಪರೀಕ್ಷೆಯಲ್ಲಿ ನಮ್ಮ ಕೈಗೆ ಸಿಗದ ಮಾರ್ಕುಗಳೆಲ್ಲ ಹೀಗೆ ಡೀಪ್ ಪರ್ಪಲ್‌ನಲ್ಲಿ ಸಿಕ್ಕವು.

ಈ ಮೇಳದ ಹುಟ್ಟೇ ಒಂದು ತಮಾಷೆ. ಸರ್ಚರ್ಸ್ ಎಂಬ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಕ್ರಿಸ್ ಕರ್ಟಿಸ್ ಎಂಬವನಿಗೆ ಒಂದು ಯೋಚನೆ ಹೊಳೆಯಿತು. ಜಾತ್ರೆಯಲ್ಲಿ ಗಿರಗಿರ ತಿರುಗುವ ಮರದ ಕುದುರೆಗಳ ಹಾಗೆ, ಬೇಕಾದವರು ಹತ್ತಿ ಬೇಡವಾದಾಗ ಇಳಿಯುವಂಥ ಒಂದು ತಂಡ ಮಾಡೋಣ, ಹೆಸರು ‘ರೌಂಡ್‌ಅಬೌಟ್’ ಎಂದಿಡೋಣ. ಆರ್ಗನ್ ನುಡಿಸುವ ಜಾನ್ ಲಾರ್ಡ್ ಹತ್ತಿದ. ಹ್ಯಾಂಬರ್ಗಿನಲ್ಲಿದ್ದ ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್ ಬಂದು ಹತ್ತಿದ. ಕುದುರೆ ಸರಿಯಾಗಿ ಒಂದು ಸುತ್ತು ಬರುವ ಮೊದಲೇ ಇಳಿದುಹೋದವನು ಯಾರೆಂದರೆ ಕರ್ಟಿಸ್ಸೇ! ಉಳಿದವರು 1968ರಲ್ಲಿ, ಬ್ಲ್ಯಾಕ್‌ಮೋರನ ಅಜ್ಜಿಗೆ ಪ್ರಿಯವಾದ ಒಂದು ಹಳೇ ಹಾಡಿನ ಹೆಸರನ್ನು ತಮ್ಮ ತಂಡಕ್ಕೆ ಇಟ್ಟುಕೊಂಡರು. ಕಿವಿ ತೂತು ಮಾಡುವ ಮೇಳಕ್ಕೆ ಅಜ್ಜಿಯ ಹೆಸರುಬಲ.

ಅಂದಹಾಗೆ ಇವರನ್ನೆಲ್ಲ ಏಕವಚನದಲ್ಲಿ ಕರೆಯುತ್ತಿದ್ದೇನೆ. ಹಾಸ್ಟೆಲಿನ ರೂಢಿ. ಅಭಿಮಾನಕ್ಕೆ ಬಹುವಚನ ಗೊತ್ತಿಲ್ಲ.

1969ರಲ್ಲಿ ಮೊದಲ ಭಾಗವತ ರಾಡ್ ಇವಾನ್ಸ್ ಮತ್ತು ಬೇಸ್ ಗಿಟಾರಿನ ನಿಕ್ ಸಿಂಪರ್ ಹೊರಗೆ. ಇಯಾನ್ ಗಿಲನ್, ರೋಜರ್ ಗ್ಲೋವರ್ ಒಳಗೆ. ಇದು ಮಾರ್ಕ್ ಎರಡು, ನಮ್ಮ ಪಾಲಿನ ಕೃತಯುಗ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂತ್ರೋ ಊರಿನಲ್ಲಿ, ಇವರು ರೆಕಾರ್ಡ್ ಮಾಡಬೇಕಿದ್ದ ಕ್ಯಾಸಿನೋದಲ್ಲಿ, ಫ್ರ್ಯಾಂಕ್ ಝಾಪಾನ ಕಛೇರಿ ನಡೆಯುತ್ತಿದ್ದಾಗ ಪ್ರೇಕ್ಷಕನೊಬ್ಬ ಬೆಂಕಿ ಹಾರಿಸುವ ಪಿಸ್ತೂಲು ಸಿಡಿಸಿ ಕಟ್ಟಡವನ್ನೇ ಸುಟ್ಟ. ಸರೋವರದ ಮೇಲೆ ಹಬ್ಬಿದ ಹೊಗೆಯನ್ನು ನೋಡುತ್ತ ಕುಳಿತವರು ಅದರ ಮೇಲೇ ಒಂದು ಹಾಡು ಕಟ್ಟಿದರು. ‘ಸ್ಮೋಕ್ ಆನ್ ದ ವಾಟರ್’ ಹುಟ್ಟಿದ್ದು ಹೀಗೆ. ಗಿಟಾರ್ ಕೈಗೆತ್ತಿಕೊಂಡ ಹುಡುಗರೆಲ್ಲ ಮೊದಲು ನುಡಿಸಿ ಪಕ್ಕದ ಮನೆಯವರ ನಿದ್ದೆ ಕೆಡಿಸುವ ರಾಗ ಅದು. ನಮ್ಮ ಹಾಸ್ಟೆಲಿನಲ್ಲಿ ಗಿಟಾರ್ ಇರಲಿಲ್ಲವಾದ್ದರಿಂದ ನಾವದನ್ನು ಊಟದ ತಟ್ಟೆಯ ಮೇಲೆ ನುಡಿಸುತ್ತಿದ್ದೆವು.

ಕೃತಯುಗ ನಾಲ್ಕೇ ವರ್ಷ. 1973ರಲ್ಲಿ ಗಿಲನ್, ಗ್ಲೋವರ್ ಗೆಜ್ಜೆ ಬಿಚ್ಚಿದರು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಡೇವಿಡ್ ಕವರ್‌ಡೇಲ್ ಪತ್ರಿಕೆಯಲ್ಲಿ ಸುದ್ದಿ ನೋಡಿ ಅರ್ಜಿ ಹಾಕಿ ಭಾಗವತನಾದ. 1975ರಲ್ಲಿ ಬ್ಲ್ಯಾಕ್‌ಮೋರನೇ ಹೋದ. ಅಮೆರಿಕದ ಟಾಮಿ ಬೋಲಿನ್ ಬಂದ. ಮರುವರ್ಷ ಮೇಳವೇ ಮುಚ್ಚಿತು. ಬೋಲಿನ್ ತೀರಿಕೊಂಡದ್ದು 1976ರ ಡಿಸೆಂಬರ್ 4ರಂದು, ಇಪ್ಪತ್ತೈದರ ವಯಸ್ಸಿನಲ್ಲಿ, ಮಾಂತ್ರೋದ ಬೆಂಕಿಗೆ ಸರಿಯಾಗಿ ಐದು ವರ್ಷ ತುಂಬಿದ ದಿನ. ಇಂಥ ತಾರೀಕುಗಳನ್ನು ಹೊಂದಿಸುವಾಗ ಟೇಪ್‌ರೆಕಾರ್ಡರಿನವನೂ ಸುಮ್ಮನಾಗುತ್ತಿದ್ದ.

ಮುಚ್ಚಿದ ಮೇಳಕ್ಕೆ ನಕಲಿ ಮೇಳವೂ ಹುಟ್ಟಿತು. 1980ರಲ್ಲಿ ಹಳೇ ಭಾಗವತ ರಾಡ್ ಇವಾನ್ಸ್ ಯಾರ್‍ಯಾರನ್ನೋ ಕಟ್ಟಿಕೊಂಡು ಡೀಪ್ ಪರ್ಪಲ್ ಹೆಸರಿನಲ್ಲೇ ಊರೂರು ತಿರುಗಿದ. ಅಸಲಿಯವರು ಕೋರ್ಟಿಗೆ ಹೋದರು. 6 ಲಕ್ಷ 72 ಸಾವಿರ ಡಾಲರ್ ದಂಡ ಬಿತ್ತು. ‘ಒಂದು ಕಾಲದಲ್ಲಿ ನಾನೂ ಇದ್ದೆ’ ಎಂಬ ಮಾತು ನಮ್ಮಲ್ಲಿ ಪುಕ್ಕಟೆ. ಅವನಿಗೆ ಮಾತ್ರ ತೀರಾ ದುಬಾರಿಯಾಯಿತು.

1984ರಲ್ಲಿ ಮಾರ್ಕ್ ಎರಡರವರು ಮತ್ತೆ ಒಂದಾದರು, ಮತ್ತೆ ಜಗಳವಾಡಿದರು. ಗಿಲನ್‌ನನ್ನು ಕಳಿಸಿ ಇನ್ನೊಬ್ಬನನ್ನು ತಂದರು, ಇನ್ನೊಬ್ಬನನ್ನು ಕಳಿಸಿ ಗಿಲನ್‌ನನ್ನೇ ತಂದರು. 1993ರ ನವೆಂಬರಿನಲ್ಲಿ, ಇನ್ನೂ ಜಪಾನಿನ ಕಛೇರಿಗಳು ಬಾಕಿ ಇರುವಾಗ, ಬ್ಲ್ಯಾಕ್‌ಮೋರ್ ಕೊನೆಯ ಸಲ ಎದ್ದುಹೋದ. ಜೋ ಸಾಟ್ರಿಯಾನಿ ಅತಿಥಿ ಕಲಾವಿದನಾಗಿ ಬಂದು ಮಾನ ಉಳಿಸಿದ. ಈ ಸುದ್ದಿ ಮುಟ್ಟಿದ ರಾತ್ರಿ ನಮ್ಮ ಕೋಣೆಯಲ್ಲಿ ಸೂತಕ. ಮೆಸ್ಸಿನಲ್ಲಿ ಪಾಯಸ ಇದ್ದದ್ದರಿಂದ ಊಟ ಮಾತ್ರ ಬಿಡಲಾಗಲಿಲ್ಲ.

2001ರಲ್ಲಿ ಅವರು ಬೆಂಗಳೂರಿಗೇ ಬಂದರು. ಅಷ್ಟರಲ್ಲಿ ನಮ್ಮ ಕೋಣೆಯ ಮೇಳದಲ್ಲೂ ಬದಲಾವಣೆ ಆಗಿತ್ತು. ಟೇಪ್‌ರೆಕಾರ್ಡರಿನವನು ಅಮೆರಿಕ ಸೇರಿದ್ದ. ಉಳಿದಿಬ್ಬರು ಹೋದೆವು. ಗಿಟಾರಿಗೆ ಸ್ಟೀವ್ ಮೋರ್ಸ್. ಮಧ್ಯೆ ಸ್ವಲ್ಪ ಕಾಲ ವಿಮಾನ ಓಡಿಸುವ ಕೆಲಸ ಮಾಡಿದ್ದ ಪುಣ್ಯಾತ್ಮ, ಬೆರಳೂ ಹಾಗೇ ಹಾರುತ್ತಿದ್ದವು. ಸುತ್ತ ಸಾವಿರಾರು ಜನ ಕುಣಿಯುತ್ತಿದ್ದರು. ನಾವಿಬ್ಬರು ಮಾತ್ರ ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎನ್ನುವ ಬೀಗರ ಹಾಗೆ ಕೈಕಟ್ಟಿ ನಿಂತಿದ್ದೆವು. “ಬ್ಲ್ಯಾಕ್‌ಮೋರ್ ಇಲ್ಲದೆ ಎಂಥ ಡೀಪ್ ಪರ್ಪಲ್?” ಎಂದ ಕ್ಯಾಸೆಟ್ಟಿನವನು. “ಮೊದಲಿನ ಹಾಗಿಲ್ಲ” ಎಂದೆ ನಾನು.

ಆಮೇಲೆ ಏನಾಯಿತೆಂದರೆ, ಮರುವರ್ಷ ಜಾನ್ ಲಾರ್ಡ್ ನಿವೃತ್ತನಾದ, 2012ರಲ್ಲಿ ತೀರಿಕೊಂಡ. ಅವನ ಆರ್ಗನ್ನಿನ ಮುಂದೆ ಡಾನ್ ಏರಿ ಬಂದು ಕೂತ. ಮೋರ್ಸ್ ಕೂಡ 2022ರಲ್ಲಿ, ಕಾಯಿಲೆ ಬಿದ್ದ ಹೆಂಡತಿಯ ಆರೈಕೆಗೆಂದು, ಮೇಳ ಬಿಟ್ಟ. ಈಗ ನೆನೆದರೆ 2001ರ ಆ ರಾತ್ರಿ ವೇದಿಕೆಯಲ್ಲಿ ಗಿಲನ್ ಇದ್ದ, ಗ್ಲೋವರ್ ಇದ್ದ, ಲಾರ್ಡ್ ಇದ್ದ, ಮೋರ್ಸ್ ಇದ್ದ. ಪಕ್ಕದಲ್ಲಿ, ಈಗ ಹೊಸವರ್ಷಕ್ಕೊಂದು ಸಂದೇಶ ಕಳಿಸುವಷ್ಟಕ್ಕೇ ಉಳಿದಿರುವ ಗೆಳೆಯನಿದ್ದ. ಊರಿಗೆ ಫೋನ್ ಮಾಡಿದರೆ ಎತ್ತಿಕೊಂಡು ಆ ವರ್ಷದ ಮೇಳವನ್ನು ಬೈಯಲು ಅಪ್ಪ ಇದ್ದರು. ಅಂಥ ಹಿಮ್ಮೇಳ ಇನ್ನು ಹುಟ್ಟಲಿಕ್ಕಿಲ್ಲ.

ಮೊನ್ನೆ ಮಗಳು ಯೂಟ್ಯೂಬಿನಲ್ಲಿ ಅದೇ ಹೊಗೆಯ ಹಾಡು ಹಾಕಿಕೊಂಡು ನೋಡುತ್ತಿದ್ದಳು. ಇತ್ತೀಚಿನ ಕಛೇರಿ. ಗಿಟಾರಿಗೆ ಸೈಮನ್ ಮ್ಯಾಕ್‌ಬ್ರೈಡ್ ಎಂಬ ಹೊಸಬ. ಆ ಹಾಡು ಹುಟ್ಟಿದಾಗ ಅವನಿನ್ನೂ ಹುಟ್ಟಿರಲಿಲ್ಲ.

“ಅಪ್ಪ, ಸಖತ್ತಾಗಿ ನುಡಿಸ್ತಾನಲ್ಲ?” ಎಂದಳು.

ನಾನು ಬಾಯಿ ತೆರೆದೆ. ಬರಲಿದ್ದ ಮಾತು ಯಾವುದೆಂದು ಗೊತ್ತಾಗಿ, ಅದು ಯಾರ ದನಿಯಲ್ಲಿ ಬರಲಿದೆ ಎಂಬುದೂ ಗೊತ್ತಾಗಿ, ಮತ್ತೆ ಮುಚ್ಚಿಕೊಂಡೆ. “ಹೂಂ, ಪರವಾಗಿಲ್ಲ. ಹತ್ತು ವರ್ಷ ಬಿಟ್ಟು ಇನ್ನೂ ಚೆನ್ನಾಗಿ ಕೇಳ್ತದೆ” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಕ್ಯಾಮೆರಾ ಹಿಂದಕ್ಕೆ ಸರಿದು, ಡ್ರಮ್ಮುಗಳ ನಡುವೆ ಕನ್ನಡಕ ಹಾಕಿಕೊಂಡು ಕೂತ ಬಿಳಿಗೂದಲಿನವನನ್ನು ತೋರಿಸಿತು. “ಹಿಂದೆ ಬಾರಿಸ್ತಿರೋ ಈ ಅಜ್ಜ ಯಾರು?”

ಇಷ್ಟು ಹೊತ್ತು ಹೇಳಿದ ಕಥೆಯಲ್ಲಿ ಇಯಾನ್ ಪೇಸ್‌ನ ಹೆಸರು ಒಮ್ಮೆಯೂ ಬಂದಿಲ್ಲವೆಂದು ನನಗೆ ಹೊಳೆದದ್ದು ಆಗ. ಹೇಗೆ ಬಂದೀತು? ಬಂದವರ, ಹೋದವರ ಕಥೆಯಲ್ಲವೇ ಇದು? 1968ರ ಮೊದಲ ತಂಡದಿಂದ ಈವರೆಗೆ ಒಂದು ಮಾರ್ಕನ್ನೂ ಬಿಡದೆ ಇದ್ದವನು ಅವನೊಬ್ಬನೇ. ಅಪ್ಪನೂ ವೇಷದವರ ಬಗ್ಗೆ, ಭಾಗವತರ ಬಗ್ಗೆ ಗಂಟೆಗಟ್ಟಲೆ ಮಾತಾಡಿ, ಮದ್ದಳೆಯವರ ವಿಷಯಕ್ಕೆ ಬಂದಾಗ ಮಾತ್ರ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ಮಗಳಿಗೆ ನಾನೂ ಅದನ್ನೇ ಹೇಳಿದೆ: “ಅವರಾ? ಅವರು ಇದ್ದಾರೆ.”