ಓಟಿ ಇಲ್ಲದ ಊರು

ಕನ್ನಡ ಮೇಷ್ಟರ ಮನೆಗೆ ಪರದೇಶದ ವೀಸಾದ ವಿಚಾರ ಕೇಳಿಕೊಂಡು ಜನ ಬರುತ್ತಾರೆಂದರೆ ಓದುಗರು ನಗಬಾರದು. ನಮ್ಮ ದಾಸರಹಳ್ಳಿ–ಪೀಣ್ಯದ ಕಡೆ ಮೇಷ್ಟರೆಂದರೆ ಎಲ್ಲ ಬಲ್ಲವರು. ಆದಾಯ ತೆರಿಗೆಯಿಂದ ಹಿಡಿದು ಜಾತಕದವರೆಗೆ ಅವರಲ್ಲಿ ಉತ್ತರವಿರಬೇಕು. 2025ರ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹೀಗೆ ಬಂದವರು, ಪೀಣ್ಯದ ಲೇತ್ ಷಾಪೊಂದರಲ್ಲಿ ಮೂವತ್ತು ವರ್ಷದಿಂದ ಟರ್ನರ್ ಆಗಿರುವ ಹಿರಿಯರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ, ಸೆಪ್ಟೆಂಬರಿನಲ್ಲಿ ಎಂ.ಎಸ್‌ಸಿ. ಓದಲು ಇಂಗ್ಲೆಂಡಿನ ಲೆಸ್ಟರಿಗೆ ಹೋದವನು.

"ಮೇಷ್ಟ್ರೇ, ಅವನಿಗೆ ನೀವೊಂದು ಮಾತು ಹೇಳ್ಬೇಕು. ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡ್ತಾನಂತೆ. ಮಿಕ್ಕ ಹೊತ್ತು ಏನ್ಮಾಡ್ತಾನೆ? ನಾನು ಓಟಿ ಮಾಡ್ದೇ ಇದ್ದಿದ್ರೆ ಅವನ ಫೀಸ್ ಕಟ್ಟೋಕಾಗ್ತಿತ್ತಾ?"

ಅವರ ಕೋಪ ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳ ತಾರಸಿ ನಿಂತಿರುವುದೇ ಓಟಿಯ ಮೇಲೆ. ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡರಷ್ಟು ಕೂಲಿ ಎಂದು 1948ರ ಕಾರ್ಖಾನೆ ಕಾಯಿದೆ ಹೇಳಿತು. ಕೊಟ್ಟವರೆಷ್ಟು ಮಂದಿ ಎಂಬುದು ಬೇರೆ ಮಾತು. ಹೆಚ್ಚು ದುಡಿದವನೇ ಒಳ್ಳೆಯವನೆಂದು ನಂಬಿ ಬದುಕಿದ ಮನುಷ್ಯ, ಹೆಚ್ಚು ದುಡಿದರೆ ತಪ್ಪಾಗುವ ದೇಶವೊಂದಿದೆ ಎಂದರೆ ಒಪ್ಪುವುದು ಹೇಗೆ?

ನನ್ನ ಸಂಕಟ ಬೇರೆ. ಹೊರಡುವ ಮುನ್ನ ಹುಡುಗ ಬಂದು ನಮಸ್ಕರಿಸಿದಾಗ, "ಅಲ್ಲಿ ದುಡಿದುಕೊಂಡು ಓದಬಹುದಪ್ಪ, ಸಾಲ ತಾನಾಗಿ ತೀರುತ್ತೆ" ಎಂದು ಅಪ್ಪನ ಎದುರಿಗೇ ಹರಸಿದವನು ನಾನು. ಆಗ ನಿಯಮ ಓದಿರಲಿಲ್ಲ. ನವೆಂಬರಿನಲ್ಲಿ ಅವನು ಫೋನು ಮಾಡಿದ: "ಸರ್, ಒಂದು ಹೋಟೆಲಿನವರು ಹೆಚ್ಚಿನ ಗಂಟೆಗಳಿಗೆ ಕೈಗೇ ದುಡ್ಡು ಕೊಡ್ತೀವಿ ಅಂತಾರೆ. ಒಪ್ಕೊಳ್ಳಲಾ?" ಆಮೇಲೆ ಓದಿದೆ.

ಪದವಿ ವಿದ್ಯಾರ್ಥಿಗೆ ಅಲ್ಲಿ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ. ವಾರವೆಂದರೆ ಸೋಮವಾರದಿಂದ ಭಾನುವಾರ; ಈ ವಾರ 10, ಬರುವ ವಾರ 30 ಎಂದು ಸರಿದೂಗಿಸುವಂತಿಲ್ಲ. ಎರಡು ಕಡೆ ದುಡಿದರೆ ಎರಡೂ ಸೇರಿ 20. ಬೇಸಿಗೆ ಬಂದರೆ ರಜೆಯಲ್ಲವೇ ಎಂದು ಎಂ.ಎಸ್‌ಸಿ. ಹುಡುಗರು ಹಿಗ್ಗುತ್ತಾರೆ, ಪ್ರಬಂಧ ಬರೆಯುವ ಆ ತಿಂಗಳುಗಳು ಅವರಿಗೆ ಸಾಮಾನ್ಯವಾಗಿ ರಜೆಯ ಲೆಕ್ಕಕ್ಕೆ ಸೇರುವುದಿಲ್ಲ. ಕೈಗೆ ಕೊಟ್ಟ ದುಡ್ಡಾದರೂ ಗಂಟೆ ಗಂಟೆಯೇ. ಸಿಕ್ಕಿಬಿದ್ದರೆ ವೀಸಾ ರದ್ದಾದೀತು, ಸಾಲ ರದ್ದಾಗದು. (ದೇಶಕ್ಕೊಂದು ಅಳತೆ: ಕೆನಡಾ 2024ರ ನವೆಂಬರಿನಲ್ಲಿ ಕಾಲೇಜಿನ ಹೊರಗಿನ ಕೆಲಸಕ್ಕೆ ವಾರಕ್ಕೆ 24 ಗಂಟೆ ಮಾಡಿತು, ಜರ್ಮನಿ ಅದೇ ವರ್ಷದ ಮಾರ್ಚಿನಲ್ಲಿ ವರ್ಷಕ್ಕೆ 140 ಪೂರ್ಣ ದಿನ.) ಬೇಡವೆಂದೆ. ಹುಡುಗ ಕೇಳಿದ. ಆದರೆ ಅಪ್ಪನಿಗೆ ಬಿಡಿಸಿ ಹೇಳುವ ಧೈರ್ಯ ಅವನಿಗಾಗಲಿಲ್ಲ.

ಅಲ್ಲೇ ಬಿದ್ದಿದ್ದ ಮದುವೆ ಕಾಗದದ ಬೆನ್ನಿಗೆ ಲೆಕ್ಕ ಬರೆದೆ. 2025ರ ಏಪ್ರಿಲಿನಲ್ಲಿ, 21 ತುಂಬಿದವರಿಗೆ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡು ಆಯಿತು. ವಾರಕ್ಕೆ 244, ತಿಂಗಳಿಗೆ 1,058ರ ಆಸುಪಾಸು. ಹುಡುಗ ಅರ್ಜಿ ಹಾಕಿದ ಕಾಲಕ್ಕೆ, ಲಂಡನ್ನಿನ ಹೊರಗೆ ಬದುಕಲು ತಿಂಗಳಿಗೆ 1,136 ಪೌಂಡು ಕೈಲಿರಬೇಕೆಂದು ಆ ಸರ್ಕಾರವೇ ಗೊತ್ತುಮಾಡಿತ್ತು. ಒಂದು ವಾರವೂ ತಪ್ಪದೆ 20 ಗಂಟೆ ದುಡಿದರೂ ಅವನ ಅನ್ನ–ಬಾಡಿಗೆಗೇ ಸಾಲದು.

ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಜಾಬನ್ನು ಪಕ್ಕಕ್ಕೆಸೆಯುವ ಕಣ್ಣು ಅವರದು. ಕಾಗದವನ್ನು ಬಹಳ ಹೊತ್ತು ನೋಡಿದರು.

"ಹಂಗಾದ್ರೆ ಕಂತು?"

"ಈಗ ಅಲ್ಲಿಂದ ಬರೋದಿಲ್ಲ. ಬರುತ್ತೆ ಅಂತ ನಾನು ಹೇಳಿದ್ದು ತಪ್ಪು."

ಓದು ಮುಗಿದು ಒಂದು ವರ್ಷದವರೆಗೆ ಕಂತು ಬೇಡವೆಂಬ ಷರತ್ತು ಎಷ್ಟೋ ಬ್ಯಾಂಕುಗಳ ವಿದ್ಯಾಸಾಲದಲ್ಲಿರುತ್ತದೆ, ಸೋಮವಾರ ಪತ್ರ ತನ್ನಿ, ಕೂತು ಓದೋಣ ಎಂದೆ.

"ಬ್ಯಾಂಕಿಂದು ನಿಲ್ಲುತ್ತೆ ಮೇಷ್ಟ್ರೇ, ಕೈಸಾಲ ನಿಲ್ಲುತ್ತಾ? ಅದು ಮೂರು ಲಕ್ಷ ಇದೆ. ಮನೇಲೂ ಹೇಳಿಲ್ಲ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಫಿ ಬಂತು, ಇಬ್ಬರೂ ಕುಡಿದೆವು. ಅವರು ಜೇಬಿನಿಂದ ಫೋನು ತೆಗೆದು, "ಅಲ್ಲೀಗ ಎಷ್ಟು ಗಂಟೆ?" ಎಂದರು. ನಮಗೆ ಹತ್ತೂವರೆ, ಅವನಿಗೆ ಬೆಳಗಿನ ಐದು.

"ಮಲಗಿರ್ತಾನೆ, ಮಲಗ್ಲಿ ಬಿಡಿ" ಎಂದು ಫೋನನ್ನು ಮತ್ತೆ ಜೇಬಿಗಿಟ್ಟುಕೊಂಡರು.