ಜಾರುವ ವಿದ್ಯೆ

ಅಮೆರಿಕದ ಪಪೈರಸ್ ಡಿಸೈನ್ ಗ್ರೂಪ್ ಎಂಬ ಸಂಸ್ಥೆ ರೂಪಿಸಿ, ಸಿಯೆರಾ ಸಂಸ್ಥೆ 1998ರಲ್ಲಿ ಮಾರುಕಟ್ಟೆಗೆ ಬಿಟ್ಟ ‘ಗ್ರ್ಯಾನ್ ಪ್ರಿ ಲೆಜೆಂಡ್ಸ್’ ಎಂಬ ಕಂಪ್ಯೂಟರ್ ಆಟವು, ಅದನ್ನು ಮೊದಲ ಸಲ ಆಡಲು ಕೂತವರಲ್ಲಿ ಹೆಚ್ಚಿನವರನ್ನು ಮೊದಲ ತಿರುವು ದಾಟುವ ಮುನ್ನವೇ ಗಿರಕಿ ಹೊಡೆಸಿ ಹುಲ್ಲಿನ ಮೇಲೆ ನಿಲ್ಲಿಸಿಬಿಡುತ್ತಿತ್ತು. ಗುಂಡಿ ಒತ್ತಿದರೆ ಓಡುವ, ಗೋಡೆಗೆ ತಾಗಿದರೂ ಪುಟಿದು ಮುಂದೆ ಸಾಗುವ ಕಾರುಗಳಿಗೆ ಒಗ್ಗಿದ್ದ ಕೈಗಳಿಗೆ ಇಲ್ಲಿ ಯಾವ ರಿಯಾಯಿತಿಯೂ ಇರಲಿಲ್ಲ. ವಿಮರ್ಶಕರು ಕೊಂಡಾಡಿದರೂ ಮಾರಾಟ ನೀರಸವಾಗಿಯೇ ಉಳಿದುದಕ್ಕೆ ಈ ಬಿಗಿಯೂ ಒಂದು ಕಾರಣ. ಹಾಗಿದ್ದೂ ಕಾಲು ಶತಮಾನ ಕಳೆದ ಮೇಲೂ ಈ ಆಟವನ್ನು ಹೊಸ ಯಂತ್ರಗಳಲ್ಲಿ ಹೇಗಾದರೂ ಓಡಿಸಿಕೊಂಡು ಆಡುವವರು ಇದ್ದಾರೆ. ಹಳೆಯದರ ಮೇಲಿನ ಮೋಹವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಮೋಹವೊಂದೇ ಯಾರನ್ನೂ ಇಷ್ಟು ಕಾಲ ಸ್ಟಿಯರಿಂಗಿನ ಮುಂದೆ ಕೂರಿಸಲಾರದು.

ಆಟದ ವಸ್ತು 1967ರ ಫಾರ್ಮುಲಾ ಒನ್ ಋತು. ಪಪೈರಸ್‌ನ ಸ್ಥಾಪಕರಲ್ಲಿ ಒಬ್ಬರಾದ ಡೇವಿಡ್ ಕೆಮರ್ ಮತ್ತು ಸಂಗಡಿಗರು ಅಷ್ಟರಲ್ಲಾಗಲೇ ‘ಇಂಡಿಯಾನಾಪೊಲಿಸ್ 500’, ‘ಇಂಡಿಕಾರ್ ರೇಸಿಂಗ್’, ‘ನಾಸ್ಕಾರ್ ರೇಸಿಂಗ್’ ಎಂಬ ಆಟಗಳಿಂದ ಹೆಸರು ಮಾಡಿದ್ದರು. ಸಮಕಾಲೀನ ಪಂದ್ಯಗಳನ್ನೇ ಮತ್ತೊಮ್ಮೆ ತೆರೆಯ ಮೇಲೆ ತಂದಿದ್ದರೆ ವ್ಯಾಪಾರಕ್ಕೆ ಹಿತವಾಗುತ್ತಿತ್ತೇನೋ. ಆದರೆ ಮೂವತ್ತೊಂದು ವರ್ಷ ಹಿಂದಕ್ಕೆ ಹೋದ ಈ ಆಯ್ಕೆಯ ಹಿಂದೆ ಕುಶಲಕರ್ಮಿಯ ವಿವೇಕವಿತ್ತು. ಎಂಜಿನ್ನಿನ ಗಾತ್ರದ ಮಿತಿಯನ್ನು ಒಂದೂವರೆ ಲೀಟರಿನಿಂದ ಮೂರು ಲೀಟರಿಗೆ ಏರಿಸಿದ ನಿಯಮ 1966ರಲ್ಲಿ ಜಾರಿಗೆ ಬಂದಿದ್ದರಿಂದ ಕಾರುಗಳ ಬಲ ಬಹಳ ಹೆಚ್ಚಿತ್ತು. ಓಟದಲ್ಲಿ ಗಾಳಿಯನ್ನು ಬಳಸಿ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ರೆಕ್ಕೆಗಳು ಫಾರ್ಮುಲಾ ಒನ್‌ಗೆ ಬಂದದ್ದು 1968ರಲ್ಲಿ. ಈ ಎರಡು ಘಟನೆಗಳ ನಡುವಿನ ಕಿರಿದಾದ ಅವಧಿಯಲ್ಲಿ, ಸುಮಾರು 400 ಅಶ್ವಶಕ್ತಿಯ ಎಂಜಿನ್ನನ್ನು ಬೆನ್ನಿಗೆ ಕಟ್ಟಿಕೊಂಡ ಅರ್ಧ ಟನ್ನಿನ ಕಾರು, ತನ್ನ ಭಾರವನ್ನು ಮತ್ತು ನಾಲ್ಕು ಟೈರುಗಳನ್ನು ಬಿಟ್ಟರೆ ಬೇರೇನನ್ನೂ ನಂಬದೆ ತಿರುವಿಗೆ ನುಗ್ಗಬೇಕಾಗಿತ್ತು. ಪ್ರಾಯೋಜಕರ ಬಣ್ಣಗಳು ಆ ಪಂದ್ಯಗಳನ್ನು ಇನ್ನೂ ಆವರಿಸಿರಲಿಲ್ಲ. ಇಟಲಿಯ ಕಾರು ಕೆಂಪಾಗಿಯೂ ಬ್ರಿಟನ್ನಿನದು ಹಸಿರಾಗಿಯೂ ಅಮೆರಿಕದ್ದು ಕಡುನೀಲಿಯಾಗಿಯೂ ಇತ್ತು.

ಈ ಆಟದ ಜೀವಾಳವಿರುವುದು ಟೈರಿನ ಗಣಿತದಲ್ಲಿ. ರಬ್ಬರಿನ ಚಕ್ರವು ತಾನು ಮುಖ ಮಾಡಿದ ದಿಕ್ಕಿಗೇ ಸರಿಯಾಗಿ ಚಲಿಸುವುದಿಲ್ಲ. ತಿರುವಿನಲ್ಲಿ ಅದು ನೋಡುವ ದಿಕ್ಕಿಗೂ ನಿಜವಾಗಿ ಸಾಗುವ ದಿಕ್ಕಿಗೂ ಚಿಕ್ಕದೊಂದು ಕೋನ ಏರ್ಪಡುತ್ತದೆ. ಈ ಜಾರುಕೋನ ಹೆಚ್ಚಾದಂತೆ ಟೈರಿನ ಹಿಡಿತವೂ ಮೊದಮೊದಲು ಹೆಚ್ಚುತ್ತ ಹೋಗಿ, ಒಂದು ತುದಿಯನ್ನು ಮುಟ್ಟಿ, ಅನಂತರ ಇಳಿಯತೊಡಗುತ್ತದೆ. ಇಂದಿನ ರೇಸಿನ ಟೈರುಗಳಲ್ಲಿ ಆ ತುದಿ ಬಹಳ ಬೇಗ ಬಂದು ಬಹಳ ಬೇಗ ಮುಗಿಯುತ್ತದೆಯಾದರೆ, ಒಳಪದರಗಳನ್ನು ಓರೆಯಾಗಿ ಹೆಣೆದ 1967ರ ಟೈರುಗಳಲ್ಲಿ ಅದು ಅಗಲವಾಗಿ ಹರಡಿಕೊಂಡಿತ್ತು. ಆದ್ದರಿಂದಲೇ ಅಂದಿನ ಛಾಯಾಚಿತ್ರಗಳಲ್ಲಿ ಕಾರು ಒಂದು ಕಡೆಗೆ, ಮುಂದಿನ ಚಕ್ರಗಳು ಇನ್ನೊಂದು ಕಡೆಗೆ ತಿರುಗಿರುವುದು ಕಾಣುತ್ತದೆ: ಅದು ಚಾಲಕ ಎಡವಿದ ಕ್ಷಣವಲ್ಲ, ಕಾರು ಅತಿ ಹೆಚ್ಚು ಹಿಡಿತದಲ್ಲಿದ್ದ ಕ್ಷಣ. ಜಾರುವುದೆಂದರೆ ಸೋಲು ಎಂದು ನಂಬಿ ಬಂದವರಿಗೆ, ಜಾರುವುದೇ ಇಲ್ಲಿನ ನಡಿಗೆ ಎಂಬುದು ಮನದಟ್ಟಾಗಲು ಕಾಲ ಹಿಡಿಯುತ್ತದೆ.

ಹಾಲೆಂಡಿನ ಝಾಂಡ್‌ವೂರ್ಟ್ ಟ್ರ್ಯಾಕಿನಲ್ಲಿ, ಮುಖ್ಯ ನೇರದಾರಿ ಮುಗಿಯುವಲ್ಲಿ ಬಲಕ್ಕೆ ಪೂರ್ತಿ ಹೊರಳುವ ಟಾರ್ಜಾನ್ ಎಂಬ ತಿರುವು ಈ ಪಾಠಕ್ಕೆ ಒಳ್ಳೆಯ ಶಾಲೆ. ಐದನೆಯ ಗೇರಿನಲ್ಲಿ ಬರುತ್ತಿರುವ ಕಾರಿಗೆ ಬ್ರೇಕ್ ಬಿದ್ದೊಡನೆ, ಇಳಿಜಾರಿನಲ್ಲಿ ಎತ್ತಿನ ಗಾಡಿಯ ಭಾರವೆಲ್ಲ ನೊಗದ ಮೇಲೆ ಬರುವಂತೆ, ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಂದಿನ ಚಕ್ರಗಳು ಹಗುರವಾಗಿ, ಹಿಡಿತ ಕಳೆದುಕೊಳ್ಳಲು ನೆಪ ಹುಡುಕುತ್ತವೆ. ಇಲ್ಲಿ ಬ್ರೇಕನ್ನು ಥಟ್ಟನೆ ಬಿಟ್ಟರೆ ಮೂತಿ ಮೇಲೆದ್ದು ಕಾರು ತಿರುಗಲು ಒಪ್ಪುವುದಿಲ್ಲ, ಬಿಡದೆ ಒತ್ತಿ ಹಿಡಿದರೆ ಬಾಲವೇ ಮುಂದೆ ಬರುತ್ತದೆ. ಆದ್ದರಿಂದ ಸ್ಟಿಯರಿಂಗನ್ನು ಒಳಕ್ಕೆ ತಿರುಗಿಸುತ್ತ ಹೋದಷ್ಟೂ ಬ್ರೇಕಿನ ಮೇಲಿನ ಕಾಲನ್ನು ಸಡಿಲಿಸುತ್ತ ಬರಬೇಕು. ಚಾಲಕರು ಟ್ರೇಲ್ ಬ್ರೇಕಿಂಗ್ ಎನ್ನುವುದು ಇದಕ್ಕೇ. ಕಾರು ತಿರುವಿನ ಒಳ ಅಂಚಿನತ್ತ ಮುಖ ಮಾಡುವ ಹೊತ್ತಿಗೆ ಆಕ್ಸಿಲರೇಟರಿನ ಮೇಲೆ ಕಾಲಿನ ತುದಿಯಷ್ಟೇ ಭಾರ ಬೀಳಬೇಕು, ಅದು ಹಿಂದಿನ ಚಕ್ರಗಳನ್ನು ನೆಲಕ್ಕೆ ಕೂರಿಸುತ್ತದೆ. ಅಲ್ಲಿಂದ ಮುಂದೆ ಕಾರನ್ನು ತಿರುಗಿಸುವ ಕೆಲಸ ಕೈಯಿಂದ ಬಲಗಾಲಿಗೆ ವರ್ಗವಾಗುತ್ತದೆ. ಸ್ವಲ್ಪ ಹೆಚ್ಚು ಒತ್ತಿದರೆ ಹಿಂಭಾಗ ಹೊರಕ್ಕೆ ಸರಿಯುತ್ತದೆ, ಸ್ವಲ್ಪ ಬಿಟ್ಟರೆ ಮೂತಿ ಒಳಕ್ಕೆ ಬರುತ್ತದೆ, ಸ್ಟಿಯರಿಂಗ್ ಬಹುಪಾಲು ನೆಟ್ಟಗಾಗಿಯೇ ಇರುತ್ತದೆ. ಇಷ್ಟೆಲ್ಲ ನಡೆಯುವುದು ಕೆಲವೇ ಸೆಕೆಂಡುಗಳಲ್ಲಿ. ಅಷ್ಟರಲ್ಲಿ ಎಲ್ಲೋ ಒಂದು ಕಡೆ ಆತುರ ತೋರಿದವರಿಗೆ ಅದರ ದಂಡ ಮುಂದಿನ ನೇರದಾರಿಯ ಉದ್ದಕ್ಕೂ ಬೀಳುತ್ತದೆ. ವೇಗದ ಹೆಸರಿನಲ್ಲಿ ಮಾರಾಟವಾದ ಈ ಆಟ ಅಸಲಿಗೆ ಕಲಿಸುವುದು ತಾಳ್ಮೆಯನ್ನು: ತಿರುವಿಗೆ ನಿಧಾನವಾಗಿ ಹೊಕ್ಕವರೇ ಬೇಗ ಹೊರಬೀಳುತ್ತಾರೆಂಬುದನ್ನು ಗಡಿಯಾರ ಪ್ರತಿ ಸುತ್ತಿನಲ್ಲಿಯೂ ಸಾಬೀತುಪಡಿಸುತ್ತದೆ.

ಗ್ಯಾರೇಜಿನಲ್ಲಿ ಕಾರನ್ನು ಹದಗೊಳಿಸುವುದು, ಅಂದರೆ ಸೆಟಪ್ ಮಾಡುವುದು, ಇನ್ನೊಂದು ಲೋಕ. ಸ್ಪ್ರಿಂಗಿನ ಬಿಗಿ, ಗೇರುಗಳ ಅನುಪಾತ, ಟೈರಿನ ಗಾಳಿ ಎಲ್ಲವನ್ನೂ ಬದಲಿಸಬಹುದು. ಟೈರಿನ ಒಳಬದಿ, ನಡು ಮತ್ತು ಹೊರಬದಿಯ ಉಷ್ಣಾಂಶವನ್ನು ಬೇರೆ ಬೇರೆಯಾಗಿ ಓದಿ, ನಡುಭಾಗವೇ ಹೆಚ್ಚು ಕಾದಿದ್ದರೆ ಗಾಳಿ ಜಾಸ್ತಿಯಾಗಿದೆಯೆಂದು ತಿಳಿಯಬಹುದು. ಇವೆಲ್ಲಕ್ಕಿಂತ ರಸವತ್ತಾದದ್ದು ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಾದ್ದರಿಂದ ಎರಡಕ್ಕೂ ಬೇರೆ ಬೇರೆ ವೇಗ ಒದಗಿಸುವ ಹಲ್ಲುಚಕ್ರಗಳ ಜೋಡಣೆ ಇದು. ರೇಸಿನ ಕಾರಿನಲ್ಲಿ ಈ ಸ್ವಾತಂತ್ರ್ಯಕ್ಕೆ ಎಷ್ಟು ಬೀಗ ಹಾಕಬೇಕು ಎಂಬುದನ್ನು, ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಎಂದು ಪ್ರತ್ಯೇಕವಾಗಿ ನಿರ್ಧರಿಸಬಹುದು. ಕಾಲು ತೆಗೆದಾಗ ಬೀಗ ಬಿಗಿಯಾಗಿದ್ದರೆ ಕಾರು ನೇರವಾಗಿಯೇ ಹೋಗುತ್ತೇನೆಂದು ಹಟ ಹಿಡಿಯುತ್ತದೆ, ಸಡಿಲವಾಗಿದ್ದರೆ ಚುರುಕಾಗಿ ಸುತ್ತಿಕೊಂಡು ಅರಿಯದವರನ್ನು ಬೆಚ್ಚಿಬೀಳಿಸುತ್ತದೆ. ಇದನ್ನು ಬಲ್ಲವರ ನಡುವಿನ ವಾದಕ್ಕೆ ಕೊನೆಯೆಂಬುದಿಲ್ಲ, ಮತ್ತು ಆ ವಾದದ ಸುಖ ಓಟದ ಸುಖಕ್ಕಿಂತ ಕಡಿಮೆಯದಲ್ಲ.

ಕಾರುಗಳಿಗೂ ಅವುಗಳದೇ ಸ್ವಭಾವವಿದೆ. 1967ರ ಜೂನ್ 4ರಂದು ಝಾಂಡ್‌ವೂರ್ಟ್‌ನಲ್ಲಿ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ನಿನೊಂದಿಗೆ ಮೊದಲ ಬಾರಿ ಕಣಕ್ಕಿಳಿದು, ಜಿಮ್ ಕ್ಲಾರ್ಕ್ ಕೈಯಲ್ಲಿ ಆ ಮೊದಲ ಪಂದ್ಯವನ್ನೇ ಗೆದ್ದ ಲೋಟಸ್ 49 ಎಲ್ಲಕ್ಕಿಂತ ವೇಗದ್ದು, ಮುನಿಸೂ ಅದಕ್ಕೇ ಹೆಚ್ಚು. ಬಿಆರ್‌ಎಂ ಕಾರು ಒಂದರ ಮೇಲೊಂದು ಪೇರಿಸಿದ ಎರಡು ಎಂಟು ಸಿಲಿಂಡರುಗಳ ಭಾರೀ ಎಂಜಿನ್ನಿನಿಂದ ಬಸವಳಿದದ್ದು. ಅದನ್ನು ಪ್ರೀತಿಸಲು ವಿಶೇಷ ಔದಾರ್ಯ ಬೇಕು. ರೆಪ್ಕೊ ಎಂಜಿನ್ನಿನ ಬ್ರಬಾಮ್ ಬಲದಲ್ಲಿ ಹಿಂದೆ, ಮಾತು ಕೇಳುವುದರಲ್ಲಿ ಮುಂದೆ. ನಿಜವಾದ ಋತುವಿನಲ್ಲಿ ಕ್ಲಾರ್ಕ್ ನಾಲ್ಕು ಪಂದ್ಯ ಗೆದ್ದರೂ, ಎರಡನ್ನಷ್ಟೇ ಗೆದ್ದ ನ್ಯೂಜಿಲೆಂಡಿನ ಡೆನ್ನಿ ಹುಲ್ಮ್ ಚಾಂಪಿಯನ್ ಆದದ್ದು ಈ ನೆಚ್ಚಿಕೆಯ ಕಾರಿನಲ್ಲಿ. ಹೋಂಡಾ ಮತ್ತು ಕೂಪರ್ ಹೆಸರುಗಳನ್ನು ಬಳಸುವ ಪರವಾನಗಿ ಇಲ್ಲದ ಕಾರಣ ಆಟದಲ್ಲಿ ಅವು ಮುರಸಮಾ, ಕೊವೆಂಟ್ರಿ ಎಂಬ ಮಾರುವೇಷದಲ್ಲಿ ಬರುತ್ತವೆ. ಇಷ್ಟೆಲ್ಲದರ ನಡುವೆ ಕಣ್ಣು ಹೋಗಿ ನಿಲ್ಲುವುದು ಹಕ್ಕಿಯ ಕೊಕ್ಕಿನಂಥ ಮೂತಿಯ ಈಗಲ್ ಮೇಲೆ. ಡ್ಯಾನ್ ಗರ್ನಿ ತಾವೇ ಕಟ್ಟಿದ ತಂಡದ ಈ ಕಾರನ್ನು ಓಡಿಸಿ 1967ರಲ್ಲಿ ಬೆಲ್ಜಿಯಂ ಗ್ರ್ಯಾನ್ ಪ್ರಿ ಗೆದ್ದರು. ಅದಕ್ಕೆ ಒಂದು ವಾರದ ಹಿಂದಷ್ಟೇ ಅವರು ಎ. ಜೆ. ಫಾಯ್ಟ್ ಜತೆಗೂಡಿ ಲ ಮಾನ್‌ನ 24 ಗಂಟೆಯ ಓಟವನ್ನು ಗೆದ್ದಿದ್ದರು.

ಆ ಬೆಲ್ಜಿಯಂ ಪಂದ್ಯ ನಡೆದ ಹಳೆಯ ಸ್ಪಾ, ಸಾರ್ವಜನಿಕ ರಸ್ತೆಗಳನ್ನೇ ಜೋಡಿಸಿದ 14 ಕಿಲೋಮೀಟರಿನ ಸುತ್ತು. ಎರಡು ಉದ್ದನೆಯ ನೇರದಾರಿಗಳ ನಡುವೆ ಮನೆಗಳ ಪಕ್ಕದಲ್ಲಿಯೇ ಹಾದುಹೋಗುವ ಮಾಸ್ಟಾ ಎಂಬ ಕೊಂಕು ಅಲ್ಲಿದೆ, ಪೂರ್ತಿ ವೇಗದಲ್ಲಿ ಅದನ್ನು ದಾಟಲು ಕಾಲಿಗಿಂತ ಎದೆ ಗಟ್ಟಿಯಿರಬೇಕು. ಲ ಮಾನ್‌ನ ಬುಗಾಟಿ ಸುತ್ತಿನಲ್ಲಿ ನಡೆದ ಆ ವರ್ಷದ ಫ್ರೆಂಚ್ ಪಂದ್ಯವನ್ನು ಆಟ ರೂಪಿಸಿದವರು ಕೈಬಿಟ್ಟು, ಬದಲಿಗೆ ರೂವಾಂ ಟ್ರ್ಯಾಕನ್ನು ಸೇರಿಸಿಕೊಂಡದ್ದು ಇತಿಹಾಸಕ್ಕೆ ಎಸಗಿದ ಅಪಚಾರವಾದರೂ, ಇಳಿಜಾರಿನಲ್ಲಿ ಬಳುಕುತ್ತ ಧಾವಿಸುವ ಆ ರಸ್ತೆಯ ಮುಂದೆ ಅದನ್ನು ಕ್ಷಮಿಸಬಹುದು. ಸಿಲ್ವರ್‌ಸ್ಟೋನ್ ಹಳೆಯ ವಿಮಾನ ನಿಲ್ದಾಣ, ಚಪ್ಪಟೆ. ಇವೆಲ್ಲಕ್ಕೂ ಮಿಗಿಲಾದದ್ದು ಜರ್ಮನಿಯ ನ್ಯೂರ್ಬುರ್ಗ್‌ರಿಂಗ್: ಐಫೆಲ್ ಬೆಟ್ಟಗಳ ನಡುವೆ ಸುಮಾರು 300 ಮೀಟರ್ ಏರಿಳಿಯುವ 22.8 ಕಿಲೋಮೀಟರಿನ ಒಂದೇ ಸುತ್ತು, ಫ್ಲೂಗ್‌ಪ್ಲಾಟ್ಸ್‌ನ ದಿಬ್ಬದಲ್ಲಿ ನಾಲ್ಕೂ ಚಕ್ರ ನೆಲ ಬಿಡುವ ಕಾರು, ಕಾರುಸೆಲ್‌ನ ಕಾಂಕ್ರೀಟಿನ ಓರೆ ತೊಟ್ಟಿಗೆ ಚಕ್ರ ಇಳಿದಾಗ ಅಲುಗಾಡುವ ತೆರೆ. ಇದನ್ನು ಬಾಯಿಪಾಠ ಮಾಡಲಾಗುವುದಿಲ್ಲ. ಒಂದೊಂದೇ ಮೈಲಿಯನ್ನು ಪರಿಚಯ ಮಾಡಿಕೊಳ್ಳುತ್ತ ಹೋಗಬೇಕು, ಕೊನೆಯ ಮೈಲಿ ಪರಿಚಯವಾಗುವಷ್ಟರಲ್ಲಿ ಮೊದಲನೆಯದು ಅರ್ಧ ಮರೆತಿರುತ್ತದೆ. 1967ರ ಅರ್ಹತಾ ಓಟದಲ್ಲಿ ಕ್ಲಾರ್ಕ್ ಇಲ್ಲಿ ದಾಖಲಿಸಿದ 8 ನಿಮಿಷ 4.1 ಸೆಕೆಂಡುಗಳ ಸಮಯ, ಮೇಜಿನ ಮುಂದೆ ಕೂತು ಗಿರಕಿ ಹೊಡೆಯುವವರಿಗೆ ಒಂದು ಅಂಕಿಯಾಗಿ ಉಳಿಯದೆ ಬೆರಗಾಗಿ ಬೆಳೆಯುತ್ತದೆ.

ಈ ಬೆರಗಿನ ಮಗ್ಗುಲಲ್ಲಿ ಇರುಸುಮುರುಸಿನ ಸಂಗತಿಯೊಂದಿದೆ. ಬಹುತೇಕ ಚಾಲಕರು ಸೀಟ್ ಬೆಲ್ಟನ್ನೂ ಕಟ್ಟದೆ ಓಡಿಸುತ್ತಿದ್ದ ಆ ಋತುವಿನಲ್ಲಿಯೇ ಫೆರಾರಿ ಚಾಲಕ ಲೊರೆಂಝೊ ಬಂಡೀನಿ ಮೊನಾಕೊ ಪಂದ್ಯದಲ್ಲಿ ಕಾರು ಹೊತ್ತಿ ಉರಿದು ಮೂರು ದಿನಗಳ ಬಳಿಕ ತೀರಿಕೊಂಡರು; ಮರುವರ್ಷ ಏಪ್ರಿಲ್ 7ರಂದು ಹಾಕನ್‌ಹೈಮ್‌ನಲ್ಲಿ ಕ್ಲಾರ್ಕ್ ಕೂಡ ಇಲ್ಲವಾದರು. ಆಟದಲ್ಲಿ ಮರಕ್ಕೆ ಬಡಿದ ಕಾರು ಶಿಫ್ಟ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮತ್ತೆ ಹೊಸದಾಗುತ್ತದೆ. ಸಾವನ್ನು ಮನರಂಜನೆಯಾಗಿಸದ ಸಂಯಮ ಆಟಕ್ಕಿದೆಯೆಂಬುದು ನಿಜ. ಆದರೂ ಆ ಎರಡು ಕೀಲಿಗಳ ಬಳಕೆ ಹೆಚ್ಚಾದಷ್ಟೂ, ಅಂಥ ಸೌಲಭ್ಯವಿಲ್ಲದೆ ಅದೇ ಮರಗಳ ನಡುವೆ ಓಡಿಸಿದವರ ಲೆಕ್ಕಾಚಾರ ಎಂಥದಿದ್ದಿತೆಂಬ ಪ್ರಶ್ನೆ ಆಡುವವರ ಬೆನ್ನು ಬಿಡುವುದಿಲ್ಲ.

ಪಪೈರಸ್ 2004ರಲ್ಲಿ ಮುಚ್ಚಿತು. ಕೆಮರ್ ಮುಂದೆ ಐರೇಸಿಂಗ್ ಎಂಬ, ಅಂತರ್ಜಾಲದಲ್ಲಿ ಹಲವರು ಒಟ್ಟಿಗೆ ಓಡುವ ಸಿಮ್ಯುಲೇಷನ್ನಿನ ಸಹಸ್ಥಾಪಕರಾದರು. ಅದು 2008ರಲ್ಲಿ ಬಳಕೆಗೆ ಬಂದಿತು, ಲೋಟಸ್ 49 ಅಲ್ಲಿಯೂ ಸ್ಥಾನ ಪಡೆಯಿತು. ಹಳೆಯ ಆಟವನ್ನು ಮಾತ್ರ ಅಭಿಮಾನಿಗಳೇ ದತ್ತು ತೆಗೆದುಕೊಂಡರು. ಮೂಲ ಆಟಕ್ಕೆ ಹೊರಗಿನಿಂದ ಜೋಡಿಸುವ ಮಾಡ್ ಎಂಬ ಸೇರ್ಪಡೆಗಳ ಮೂಲಕ 1965 ಮತ್ತು 1969ರ ಋತುಗಳನ್ನೂ ಮೂಲದಲ್ಲಿಲ್ಲದ ಅನೇಕ ಟ್ರ್ಯಾಕುಗಳನ್ನೂ ಸಂಬಳವಿಲ್ಲದೆ ಕಟ್ಟಿಕೊಟ್ಟರು. ಇಂದಿನ ಆಟಗಳ ಚಿತ್ರವೈಭವದ ಎದುರು ಇದರ ಮರಗಳು ರಟ್ಟಿನಿಂದ ಕತ್ತರಿಸಿ ನಿಲ್ಲಿಸಿದಂತಿವೆ, ನಿಜ. ಓಡಿಸುವವರಿಗೆ ಮರ ನೋಡಲು ಪುರಸೊತ್ತಿರುವುದಿಲ್ಲ.

ಸ್ವಲ್ಪ ಪಳಗಿದವರು ಹೋಗಬೇಕಾದದ್ದು ಇಟಲಿಯ ಮೊಂಝಾಕ್ಕೆ. ವೇಗ ತಗ್ಗಿಸಲೆಂದು ಟ್ರ್ಯಾಕಿನ ನಡುವೆ ಇಡುವ ಷಿಕೇನ್ ಎಂಬ ಅಡ್ಡತಿರುವುಗಳು ಅಲ್ಲಿಗೆ ಬಂದದ್ದು 1972ರಲ್ಲಿ. ಅದಕ್ಕೆ ಮುಂಚಿನ ಈ ಸುತ್ತಿನಲ್ಲಿ ಮುಂದಿನ ಕಾರು ಸೀಳಿದ ಗಾಳಿಯ ಮರೆಯಲ್ಲಿ ಅಂಟಿಕೊಂಡು ಹೋಗಿ ಕೊನೆಗಳಿಗೆಯಲ್ಲಿ ಹೊರಬಂದು ದಾಟುವುದೇ ವಿದ್ಯೆ. 1967ರಲ್ಲಿ ಕ್ಲಾರ್ಕ್ ಟೈರು ಕೆಟ್ಟು ಒಂದು ಸುತ್ತು ಹಿಂದೆ ಬಿದ್ದು, ಅದನ್ನು ಪೂರ್ತಿ ಮರಳಿ ಗಳಿಸಿ ಮುನ್ನಡೆಗೇರಿ, ಕೊನೆಯ ಸುತ್ತಿನಲ್ಲಿ ಎಂಜಿನ್ನಿಗೆ ಇಂಧನ ಸಾಲದೆ ಮೂರನೆಯವರಾದದ್ದು ಇಲ್ಲಿಯೇ. ಹೋಂಡಾದ ಜಾನ್ ಸರ್ಟೀಸ್, ತಮ್ಮದೇ ಹೆಸರಿನ ಕಾರನ್ನು ಓಡಿಸುತ್ತಿದ್ದ ಬ್ರಬಾಮ್‌ರನ್ನು 0.2 ಸೆಕೆಂಡಿನಿಂದ ಹಿಂದಿಕ್ಕಿ ಗೆದ್ದರು. ಆಟದ ಗ್ಯಾರೇಜಿನಲ್ಲಿಯೂ ಟ್ಯಾಂಕಿಗೆ ಎಷ್ಟು ಇಂಧನ ತುಂಬಬೇಕೆಂಬುದನ್ನು ಆಡುವವರೇ ತೀರ್ಮಾನಿಸಬೇಕು, ಮತ್ತು ಕಾರು ಹಗುರವಾಗಲೆಂದು ಒಂದೆರಡು ಲೀಟರು ಕಡಿಮೆ ಹಾಕುವ ಆಸೆಯನ್ನು ಗೆದ್ದವರು ಬಹಳ ಮಂದಿ ಇರಲಾರರು.