ಮೂವರು ತೋರಿಸಿದ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು 'ಮನೆ ಕೊಂಡು ನೋಡು' ಎನ್ನಲಿಲ್ಲ. ಅವರ ಕಾಲದಲ್ಲಿ ಇದ್ದ ಮನೆಯನ್ನು ಮಾರುವುದೆಂದರೆ ಮಾನ ಹೋಗುವ ಮಾತು. ಮಾರುವವನು ಮುಸ್ಸಂಜೆಯ ಹೊತ್ತಿನಲ್ಲಿ ಬೇಕಾದವನೊಬ್ಬನ ಕಿವಿಯಲ್ಲಿ ಮೆಲ್ಲನೆ ಉಸುರುತ್ತಿದ್ದ. ಈಗ ಆ ಸಂಕೋಚವಿಲ್ಲ. ಉಸುರುವ ಕೆಲಸಕ್ಕೆ ದಲ್ಲಾಳಿಯಿದ್ದಾನೆ. ಈ ಶಬ್ದ ಅರಬ್ಬೀ ಮೂಲದ್ದು. 'ತೋರಿಸು, ದಾರಿ ಹೇಳು' ಎಂಬ ಅರ್ಥದ ಧಾತುವಿನಿಂದ ಹುಟ್ಟಿ, ಪೇಟೆಯಿಂದ ಪೇಟೆಗೆ ನಡೆದು ಕನ್ನಡಕ್ಕೆ ಬಂತು. ದಲ್ಲಾಳಿ ಎಂದರೆ ತೋರಿಸುವವನು. ಒಬ್ಬನು ತೋರಿಸಿದರೆ ದಾರಿ ಕಾಣುತ್ತದೆ, ನಿಜ. ಒಂದೇ ಮನೆಯನ್ನು ಮೂವರು ತೋರಿಸಲು ಹೊರಟರೆ ಏನು ಕಾಣುತ್ತದೆಂಬುದು ಅಜ್ಜಂಪುರಕ್ಕೆ ಮನೆ ನೋಡಲು ಬಂದ ನಿವೃತ್ತ ಮೇಷ್ಟರೊಬ್ಬರ ಅನುಭವಕ್ಕೆ ಬಂತು.

ಅಜ್ಜಂಪುರ ದೊಡ್ಡ ಊರಲ್ಲ. ಬೀರೂರಿನಿಂದ ಚಿಕ್ಕಜಾಜೂರಿನತ್ತ ಹೋಗುವ ರೈಲುದಾರಿಯಲ್ಲಿ ಅದರದೊಂದು ನಿಲ್ದಾಣವಿದೆ. ಸುತ್ತ ಕಪ್ಪು ನೆಲ, ಈರುಳ್ಳಿಯ ಬೆಳೆ. ಮೈಸೂರು ಅರಸರ ಕಾಲದಿಂದ ಹೆಸರಾದ ಅಮೃತಮಹಲ್ ರಾಸುಗಳ ಸಂವರ್ಧನ ಕೇಂದ್ರ ಇಲ್ಲಿಯೇ ಇದೆ. ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಊರು, 2017ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ತಾನೂ ಒಂದಾಯಿತು. ತಾಲ್ಲೂಕಾಯಿತೆಂದರೆ ಕಚೇರಿ, ಕಚೇರಿಗೆ ನೌಕರರು, ನೌಕರರಿಗೆ ಮನೆಗಳು. ಈರುಳ್ಳಿಯ ಬೆಲೆ ಏರಿ ಇಳಿಯುವುದನ್ನು ತಲೆತಲಾಂತರದಿಂದ ಕಂಡ ಊರು, ಏರುವುದನ್ನಷ್ಟೇ ಬಲ್ಲ ಬೆಲೆಯೊಂದನ್ನು ಆಗ ಮೊದಲ ಸಲ ಕಂಡಿತು. ದನದ ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದವರ ಮಕ್ಕಳು ಈಗ ಮೊಬೈಲಿನ ಮರೆಯಲ್ಲಿ ಅದೇ ಕೆಲಸ ಮಾಡುತ್ತಾರೆ.

ಮೇಷ್ಟರು ಪತ್ನೀಸಮೇತರಾಗಿ ಬಂದದ್ದು ಮಾಘಮಾಸದ ಒಂದು ಭಾನುವಾರ. ಮೊದಲನೆಯ ದಲ್ಲಾಳಿ ರೈಲು ನಿಲ್ದಾಣದ ಬಳಿ ಚಹದ ಅಂಗಡಿಯವನು. ಮನೆ ಯಾವ ಬೀದಿಯಲ್ಲಿದೆಯೆಂಬುದನ್ನು ಬಾಗಿಲ ಮುಂದೆ ನಿಲ್ಲುವವರೆಗೂ ಆತ ಬಿಟ್ಟುಕೊಡಲಿಲ್ಲ. ಮಂಗಳೂರು ಹೆಂಚಿನ ಮನೆ. ಜಗುಲಿ, ನಡುಮನೆ, ಅಟ್ಟ, ಹಿತ್ತಿಲಲ್ಲಿ ಸೇದುವ ಬಾವಿ. ಬಾಗಿಲು ತೆರೆದ ಅರುವತ್ತರ ಹೆಂಗಸು ಬೆಲ್ಲ, ನೀರು ತಂದಿಟ್ಟು ಒಳಗೆ ಹೋದರು. ಬೆಲೆ ಮೂವತ್ತೆರಡು ಲಕ್ಷ.

ಎರಡನೆಯವನು ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿಯವನು. ಆತ ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರದಲ್ಲಿ ಕಂಡದ್ದು ಬಾವಿ ಮತ್ತು ಒಂದು ನಿಂಬೆಯ ಗಿಡ. ಹೊಸ ಮನೆಯೆಂದು ಹೊರಟ ದಂಪತಿಗಳಿಗೆ ಬೀದಿಯ ತಿರುವಿನಲ್ಲಿ ಅನುಮಾನ ಹುಟ್ಟಿತು; ಜಗುಲಿಯ ಮುಂದೆ ಅದು ಪರಿಹಾರವಾಯಿತು. "ಮೊನ್ನೆ ಬಂದಿದ್ರಲ್ಲ, ಮೇಷ್ಟ್ರೇ?" ಎಂದು ಆ ಹೆಂಗಸು ನಕ್ಕರು. ಇಲ್ಲಿ ಬೆಲೆ ಮೂವತ್ತೈದು.

ಮೂರನೆಯವನು ಮೋಟಾರು ಸೈಕಲಿನ ತರುಣ; ಆತನದು ಇಪ್ಪತ್ತೊಂಬತ್ತೇ ಲಕ್ಷ, "ಆದರೆ ಈ ವಾರವೇ ಮುಂಗಡ ಕೊಡಬೇಕು ಸಾರ್, ಬೇರೆ ಪಾರ್ಟಿ ಕಾಯ್ತಿದೆ." ಆ ಬೇರೆ ಪಾರ್ಟಿ ತಾವೇ ಎಂಬುದನ್ನು ಮೇಷ್ಟರು ಹೇಳಲಿಲ್ಲ.

ಒಂದೇ ಮನೆಗೆ ಮೂರು ಬೆಲೆ ಹೇಗೆ? ಇದರಲ್ಲಿ ಮಾಯವೇನಿಲ್ಲ. ಒಬ್ಬ ದಲ್ಲಾಳಿ ಯಜಮಾನ ಹೇಳಿದ ಬೆಲೆಯನ್ನೇ ಹೇಳುತ್ತಾನೆ. ಇನ್ನೊಬ್ಬ ಚೌಕಾಶಿಗೆಂದು ಅದರ ಮೇಲೆ ಸ್ವಲ್ಪ ಏರಿಸುತ್ತಾನೆ. ಮತ್ತೊಬ್ಬ ಉಳಿದವರಿಗಿಂತ ಮುಂಚೆ ವ್ಯಾಪಾರ ಮುಗಿಯಲೆಂದು ಇಳಿಸುತ್ತಾನೆ. ನೂರಕ್ಕೆ ಒಂದೋ ಎರಡೋ ರೂಪಾಯಿಯನ್ನು ಎರಡೂ ಕಡೆಯಿಂದ ಪಡೆಯುವುದು ರೂಢಿ; ಆದರೆ ಅದು ವ್ಯಾಪಾರ ಕುದುರಿಸಿದವನಿಗೆ ಮಾತ್ರ, ಉಳಿದವರಿಗೆ ಚಹದ ಖರ್ಚೂ ಹುಟ್ಟದು. ಇಂಗ್ಲೆಂಡಿನಲ್ಲಿ ಒಬ್ಬನಿಗೇ ವಹಿಸಿದರೆ ಶುಲ್ಕ ಕಡಿಮೆ, ಹಲವರಿಗೆ ವಹಿಸಿದರೆ ಹೆಚ್ಚು. ಎಲ್ಲವೂ ಮೊದಲೇ ಕಾಗದದ ಮೇಲೆ. ಇಲ್ಲಿ ಬಾಯಿಮಾತೇ ಕರಾರು. ಮೊದಲು ತೋರಿಸಿದವನು 'ಗಿರಾಕಿ ನನ್ನವನು' ಎನ್ನುತ್ತಾನೆ, ಕೊನೆಗೆ ಒಪ್ಪಿಸಿದವನು 'ವ್ಯಾಪಾರ ನನ್ನದು' ಎನ್ನುತ್ತಾನೆ. ಕಲ್ಕತ್ತೆಯ ಆಸ್ತಿಯೊಂದರ ದಲ್ಲಾಳಿ ಹಣದ ವ್ಯಾಜ್ಯ 1950ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 2016ರ ರಿಯಲ್ ಎಸ್ಟೇಟ್ ಕಾಯಿದೆಯು ನೋಂದಾಯಿತ ಹೊಸ ಯೋಜನೆಗಳ ದಲ್ಲಾಳಿಗಳಿಗೆ ನೋಂದಣಿಯನ್ನು ವಿಧಿಸಿತು; ಹಳೆಯ ಊರಿನ ಹೆಂಚಿನ ಮನೆಗೆ ಅದರ ಕೈ ಚಾಚುವುದಿಲ್ಲ. ಆದುದರಿಂದ ಯಾರು ಯಾವ ದಿನ ಯಾವ ಬೆಲೆಗೆ ತೋರಿಸಿದರೆಂಬುದನ್ನು ಮೇಷ್ಟರು ಹಾಜರಿ ಪುಸ್ತಕದಂತೆ ಬರೆದಿಟ್ಟುಕೊಂಡರು. ಕೊಳ್ಳುವವರಿಗೆ ಇದು ಒಳ್ಳೆಯ ಅಭ್ಯಾಸ.

ಆದರೆ ಮನೆಯನ್ನು ಮೂವರಿಗೆ ಹೇಳಿದ್ದೇಕೆ ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಸಿಕ್ಕಿದ್ದು ಹಿತ್ತಿಲಿನಲ್ಲಿ. ಮೇಷ್ಟರ ಪತ್ನಿ ನಿಂಬೆಯ ಗಿಡದ ಬಳಿ ನಿಂತು, "ಅಕ್ಕಾ, ಮನೆ ಮಾರೋದಕ್ಕೆ ನಿಮಗೆ ಒಪ್ಪಿಗೆಯೇ?" ಎಂದು ಕೇಳಿದರು.

"ನನ್ನನ್ನು ಯಾರು ಕೇಳಿದ್ದಾರಮ್ಮ?" ಎಂದರು ಆಕೆ. ದನಿಯಲ್ಲಿ ದೂರಿರಲಿಲ್ಲ.

ಆಕೆ ಈ ಮನೆಯ ಮಗಳು. ಇಪ್ಪತ್ತೆಂಟಕ್ಕೆ ವಿಧವೆಯಾಗಿ ತವರಿಗೆ ಮರಳಿದವರು. ತಾಯಿಯನ್ನು ಆರು ವರ್ಷ, ತಂದೆಯನ್ನು ಒಂಬತ್ತು ವರ್ಷ ಹಾಸಿಗೆಯಲ್ಲಿ ನೋಡಿಕೊಂಡವರು. ತಂದೆ ತನ್ನ ದುಡಿಮೆಯಿಂದ ಕಟ್ಟಿದ ಮನೆಗೆ ಉಯಿಲು ಬರೆಯದೆ ಹೋಗಿದ್ದರು. ತಮ್ಮಂದಿರು ಮೂವರು. ಒಬ್ಬನು ಬೆಂಗಳೂರು, ಒಬ್ಬನು ಶಿವಮೊಗ್ಗ, ಒಬ್ಬನು ಊರಿನಲ್ಲಿಯೇ ಬೇರೆ ಮನೆ. ಒಬ್ಬನ ದಲ್ಲಾಳಿಯ ಮೇಲೆ ಇನ್ನೊಬ್ಬನಿಗೆ ನಂಬಿಕೆಯಿಲ್ಲ. ಆದ್ದರಿಂದ ತಲೆಗೊಬ್ಬ ದಲ್ಲಾಳಿ. ಹೊರಗಿನವರಿಗೆ ಮನೆ ಬೇಗ ಮಾರಾಟವಾಗಲೆಂಬ ಚಾತುರ್ಯವಾಗಿ ಕಂಡದ್ದು ವಾಸ್ತವವಾಗಿ ಒಡೆದ ಮನೆಯ ಬಿರುಕು. ಕನ್ನಡದಲ್ಲಿ 'ಮನೆ' ಎಂದರೆ ಗೋಡೆಗಳೂ ಹೌದು, ಗೋಡೆಗಳೊಳಗಿನ ಜನವೂ ಹೌದು. ಗೋಡೆಗಳನ್ನು ಮೂವರು ತೋರಿಸಿದ್ದರು. ಜನವನ್ನು ಒಬ್ಬನೂ ತೋರಿಸಿರಲಿಲ್ಲ.

ಮೇಷ್ಟರು ಋಣಭಾರ ಪತ್ರ ತೆಗೆಸಿದರು. ಸಾಲವಿಲ್ಲ, ಅಡಮಾನವಿಲ್ಲ, ನಿರ್ಮಲ. ಆದರೆ ನೋಂದಣಿಯಾದ ವ್ಯವಹಾರವನ್ನು ತಿಳಿಸುವ ಆ ಪತ್ರ, ತೀರಿಕೊಂಡವರಿಗೆ ಮಕ್ಕಳೆಷ್ಟು ಎಂಬುದನ್ನು ತಿಳಿಸುವುದಿಲ್ಲ. ಅದಕ್ಕೆ ವಂಶವೃಕ್ಷ ಬೇಕು, ಅದನ್ನು ಮಾಡಿಸಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಉಯಿಲಿಲ್ಲದೆ ಹೋದ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆದರೆ ಕುಟುಂಬವೇ ವಾಸಿಸುವ ಮನೆಯನ್ನು ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳುವವರೆಗೆ ಹೆಣ್ಣುಮಗಳು ವಿಭಾಗ ಕೇಳಕೂಡದೆಂದು ಅದರ 23ನೆಯ ಕಲಮು ತಡೆದಿತ್ತು. 2005ರ ತಿದ್ದುಪಡಿಯಲ್ಲಿ ಆ ಕಲಮು ರದ್ದಾಯಿತು. ಅದೇ ತಿದ್ದುಪಡಿ ಪಿತ್ರಾರ್ಜಿತದಲ್ಲಿಯೂ ಮಗಳನ್ನು ಮಗನಿಗೆ ಸಮನಾಗಿಸಿತು. ಶಾಸನ ಹೀಗೆ ಬಾಗಿಲು ತೆರೆದು ವರ್ಷಗಳೇ ಕಳೆದಿದ್ದವು. ದಿನವೂ ಆ ಮನೆಯ ಬಾಗಿಲು ತೆರೆಯುತ್ತಿದ್ದಾಕೆಗೆ ಮಾತ್ರ ಯಾರೂ ಅದನ್ನು ಹೇಳಿರಲಿಲ್ಲ.

"ನಾಲ್ಕು ರುಜು ಬೀಳುವುದಾದರೆ ಬೆಲೆಯ ಮಾತು," ಎಂದು ಮೇಷ್ಟರು ಮೂವರು ದಲ್ಲಾಳಿಗಳಿಗೂ ಒಂದೇ ಮಾತು ಹೇಳಿದರು. ಅವರ ಉದ್ದೇಶ ಪರೋಪಕಾರವಲ್ಲ. ಮುಂದೆ ಕೋರ್ಟಿನ ಮೆಟ್ಟಿಲು ಹತ್ತಬಾರದೆಂಬ ಸ್ವಾರ್ಥ. ಆದರೆ ಆ ಸ್ವಾರ್ಥದ ಫಲವಾಗಿ, ತಂದೆಯ ತಿಥಿಗೂ ಒಟ್ಟಿಗೆ ಸೇರದಿದ್ದ ಮೂವರು ತಮ್ಮಂದಿರು ಅಕ್ಕನ ಎದುರು ಚಾಪೆಯ ಮೇಲೆ ಕುಳಿತರು. ಮಾತು ಬೆಳೆಯಿತು, ಕೂಗಾಟವೂ ಆಯಿತು. ಕಿರಿಯವನು ಕಣ್ಣೊರಸಿಕೊಂಡನೆಂದು ಬೀದಿಯವರು ಹೇಳುತ್ತಾರೆ. ಅಕ್ಕ ಕೇಳಿದ್ದು ಎರಡೇ: ತನ್ನ ಪಾಲಿನ ಹಣ ತನ್ನ ಹೆಸರಿನಲ್ಲಿ ಬ್ಯಾಂಕಿಗೆ ಹೋಗಬೇಕು, ಯುಗಾದಿಯವರೆಗೆ ತಾನು ಇಲ್ಲಿಯೇ ಇರಬೇಕು. ಮೂವತ್ತು ಲಕ್ಷಕ್ಕೆ ಮಾತು ನಿಂತಿತು.

ದಲ್ಲಾಳಿಗಳ ಜಗಳ ಚಹದ ಅಂಗಡಿಯಲ್ಲಿ ಎರಡು ದಿನ ನಡೆದು, ಬಂದ ಹಣವನ್ನು ಮೂರು ಪಾಲು ಮಾಡಿಕೊಳ್ಳುವಲ್ಲಿ ಮುಗಿಯಿತು. ಮೇಷ್ಟರ ಪತ್ನಿಗೆ ಅದು ಒಪ್ಪಿಗೆಯಾಗಲಿಲ್ಲ. ಅಟ್ಟದ ಯಾವ ಮೂಲೆ ಸೋರುತ್ತದೆ, ಚೈತ್ರದಲ್ಲಿ ಬಾವಿಯ ನೀರು ಎಷ್ಟು ಮೊಳ ಇಳಿಯುತ್ತದೆ, ಯಾವ ತೊಲೆಗೆ ಗೆದ್ದಲು ಹಿಡಿದಿದೆ—ಇದನ್ನೆಲ್ಲ ಒಂದೂ ಮುಚ್ಚಿಡದೆ ತೋರಿಸಿದವರು ಬೇರೆ ಯಾರೋ ಅಲ್ಲವೆ, ಎಂದು ಅವರ ವಾದ.

ನೋಂದಣಿಯ ದಿನ ನಾಲ್ವರೂ ಸಾಲಾಗಿ ಕ್ಯಾಮೆರಾದ ಮುಂದೆ ಕುಳಿತು ಹೆಬ್ಬೆರಳೊತ್ತಿದರು. ತಂದೆಯ ಹೆಸರು ಕೇಳಿದಾಗ ಅಕ್ಕ ತಮ್ಮಂದಿರಿಗಿಂತ ಮೊದಲು ಹೇಳಿದರು. ಆ ಮನೆಯ ಕಾಗದಗಳಲ್ಲಿ ಅವರ ಹೆಸರು ಬಂದದ್ದು ಅದೇ ಮೊದಲು, ಅದೇ ಕೊನೆ.